ಪಾತಣ್ಣನ ತವರಿನ್ ಗೇಮ್ಸು

ಟ್ಯಾವರ್ನ್ ಅಂದರೆ ಹೆಂಡದಂಗಡಿ. ಇದು ಈಗ ಕೊಂಡ್ಲಹಳ್ಳಿಯ ಹಸುಗೂಸಿಗೂ ಗೊತ್ತು. ಗೊತ್ತಾಗಬೇಕಾದ ಹೊತ್ತಿನಲ್ಲಿ ಗೊತ್ತಾಗಬೇಕಾದವನಿಗೆ ಗೊತ್ತಾಗಲಿಲ್ಲ, ಅಷ್ಟೇ. ಆ ಮಹಾನುಭಾವ ನಾನೇ. ಹೆಸರು ಮಾರುತಿ, ಊರಿನ ಗ್ರಂಥಾಲಯ ನೋಡಿಕೊಳ್ಳುವವನು. ಬ್ಯಾಂಕಿನ ನೋಟೀಸು, ಮೊಬೈಲಿನ ಮೆಸೇಜು, ಔಷಧಿ ಡಬ್ಬಿಯ ಮೇಲಿನ ಅಕ್ಷರ, ಹೀಗೆ ಊರಿಗೆ ಬರುವ ಇಂಗ್ಲಿಷೆಲ್ಲ ನನ್ನ ಮೇಜಿನ ಮೇಲೆ ಹಾಯ್ದೇ ಹೋಗಬೇಕು. ಹದಿನಾಲ್ಕು ವರ್ಷದಲ್ಲಿ ಒಂದು ಸಲವೂ ‘ಗೊತ್ತಿಲ್ಲ’ ಎಂದವನಲ್ಲ ನಾನು. ಒಂದೇ ಒಂದು ಸಲ ಅಂದಿದ್ದರೆ ಪಾತಣ್ಣ ಇವತ್ತು ಮೇಕೆಯ ಜೊತೆ ಒಬ್ಬನೇ ಕೂತಿರುತ್ತಿರಲಿಲ್ಲ.

ಪಾತಣ್ಣ ನಮ್ಮ ಬೀದಿಯವನು. ಅಪ್ಪನ ಕಾಲದವರೆಗೆ ದನ ಕಾಯ್ದುಕೊಂಡಿದ್ದ ಮನೆ. ಈಗ ಹಿತ್ತಲಲ್ಲಿ ಒಂದು ಮೇಕೆ ಉಳಿದಿದೆ, ಪಾತಣ್ಣನಿಗೆ ಉಳ್ಳಾರ್ತಿ ಕಾವಲಿನ ಆಚೆ ಒಂದು ಸೋಲಾರ್ ಪ್ಲಾಂಟಿನ ಗೇಟಿನಲ್ಲಿ ವಾಚ್‌ಮನ್ ಕೆಲಸ. ಆ ಗೇಟಿಗೆ ದಿನಕ್ಕೆ ನಾಲ್ಕು ಗಾಡಿ ಬಂದರೆ ಹೆಚ್ಚು. ಉಳಿದ ಹೊತ್ತಿನಲ್ಲಿ ಅವನು ಆಟ ಕಟ್ಟುತ್ತಾನೆ. ನೆಲಕ್ಕೆ ಸೀಮೆಸುಣ್ಣದಲ್ಲಿ ಗೀಟೆಳೆದು, ಬೆಣಚುಕಲ್ಲು ಜೋಡಿಸಿ, ಲಾರಿ ಡ್ರೈವರುಗಳನ್ನು ಕೂರಿಸಿಕೊಂಡು ದಿನಕ್ಕೊಂದು ಹೊಸ ಆಟ ಆಡಿಸುತ್ತಾನೆ. ಆಟದಲ್ಲಿ ಭಾರಿ ತಲೆ, ಉಳಿದದ್ದರಲ್ಲಿ ಭಾರಿ ಹಠ. ಆ ಹಠಕ್ಕೆ ಹೆದರಿ ಮದುವೆ ಅನ್ನುವುದು ಅವನ ಬಾಗಿಲಿಗೆ ಸುಳಿಯಲೇ ಇಲ್ಲ. ಮನೆಯಲ್ಲಿ ಅವನೂ ಅವನ ಅವ್ವ ಯರ್ರಮ್ಮಜ್ಜಿಯೂ ಇಬ್ಬರೇ.

ಆ ಇಬ್ಬರಿಗೂ ಮಾತಿಲ್ಲ. ಹನ್ನೊಂದು ವರ್ಷದ ಹಿಂದೆ ಪಂಚಮಿ ಹಬ್ಬಕ್ಕೆ ಮೊಳಕಾಲ್ಮೂರಿನಿಂದ ಪಾತಣ್ಣನ ಅಕ್ಕ ತಿಪ್ಪೇರುದ್ರಮ್ಮ ತವರಿಗೆ ಬಂದಿದ್ದಳು. ಅಕ್ಕ ತಮ್ಮ ಚೌಕಾಬಾರ ಆಡುತ್ತಿದ್ದರು. ಅಕ್ಕನ ಕೊನೆಯ ಕಾಯಿ ಹಣ್ಣಾಗಲು ಎಂಟು ಬೇಕಿತ್ತು. ನಾಲ್ಕು ಕವಡೆಯೂ ಬೋರಲು ಬಿದ್ದರೆ ಎಂಟು. ಒಂದು ಅಂಗಾತ ಬಿದ್ದರೆ ಬರೀ ಒಂದು. ಅಕ್ಕ ಹಾಕಿದಳು. ಮೂರು ಬೋರಲಾದವು. ನಾಲ್ಕನೆಯದು ಗೋಡೆಗೆ ಒರಗಿ ಓರೆಯಾಗಿ ನಿಂತಿತು, ಆ ಕಡೆಯೂ ಅಲ್ಲ, ಈ ಕಡೆಯೂ ಅಲ್ಲ.

ಅಕ್ಕ ‘ಎಂಟು’ ಎಂದಳು, ತಮ್ಮ ‘ಒಂದು’ ಎಂದ. ಮಾತು ಬೆಳೆಯಿತು. “ಇದು ನಮ್ಮನೆ ಆಟ, ನಾನು ಹೇಳಿದ್ದೇ ಲೆಕ್ಕ, ನೀನು ಹೊರಗಿನೋಳು” ಎಂದುಬಿಟ್ಟ ಪಾತಣ್ಣ. ತಿಪ್ಪೇರುದ್ರಮ್ಮ ಹೋಳಿಗೆ ಎಲೆಯಲ್ಲೇ ಬಿಟ್ಟು ಎದ್ದು ಬಸ್ಸು ಹತ್ತಿದವಳು ಮತ್ತೆ ಈ ಊರು ಮೆಟ್ಟಲಿಲ್ಲ. ಆವತ್ತಿನಿಂದ ಯರ್ರಮ್ಮಜ್ಜಿ ಮಗನಿಗೆ ಹೇಳಬೇಕಾದ್ದನ್ನೆಲ್ಲ ಮೇಕೆಗೆ ಹೇಳುತ್ತಾಳೆ. “ಏನೇ ಮೇಕೆ, ಮುದ್ದೆ ಆರೋಗ್ತೈತೆ ಅಂತ ನಿನ್ ಯಜಮಾನಂಗೆ ಹೇಳು.” ಹನ್ನೊಂದು ವರ್ಷದಲ್ಲಿ ಐದು ಮೇಕೆ ಬದಲಾದವು. ‘ಹೋಗಿ ತಪ್ಪಾಯ್ತು ಅಂತ ಹೇಳಿ ಅಕ್ಕನ್ನ ಕರ್ಕೊಂಡು ಬಾರಪ್ಪ’ ಎಂದು ಊರವರೆಲ್ಲ ಹೇಳಿ ಸಾಕಾದರು. “ಕರೀಬೇಕು ಅಂತ ನನಗೂ ಐತೆ. ಆದ್ರೆ ಕವಡೆ ಬಿದ್ದಿದ್ದು ಒಂದೇ” ಅನ್ನುತ್ತಿದ್ದ.

ಹೀಗಿರುವಾಗ ಚಂದ್ರಶೇಖರ್ ಬಂದ. ಚಳ್ಳಕೆರೆಯ ಹುಡುಗ, ಅದೇ ಪ್ಲಾಂಟಿನಲ್ಲಿ ಎಂಜಿನಿಯರು. ಅವನೂ ಅವನ ಐದು ಜನ ಗೆಳೆಯರೂ ಭಾನುವಾರ ಭಾನುವಾರ ಒಂದು ಮೇಜಿನ ಸುತ್ತ ಕೂತು ಒಂದು ಆಟ ಆಡುತ್ತಾರಂತೆ. ಒಬ್ಬ ಕಥೆ ಹೇಳುತ್ತಾನೆ, ಉಳಿದವರು ಆ ಕಥೆಯೊಳಗಿನ ವೀರರು, ಮಂತ್ರವಾದಿಗಳು. ಆ ಕಥೆಗೆ ಕ್ಯಾಂಪೇನ್ ಎಂದು ಹೆಸರು, ಆ ವೀರರ ಗುಂಪಿಗೆ ಪಾರ್ಟಿ ಎಂದು ಹೆಸರು, ಕಥೆ ಹೇಳುವವನಿಗೆ ಡಂಜನ್ ಮಾಸ್ಟರ್ ಎಂದು ಹೆಸರು. ಇದೆಲ್ಲ ನನಗೆ ಆಮೇಲೆ ತಿಳಿದದ್ದು. ಆಗ ತಿಳಿದದ್ದು ಪಾತಣ್ಣ ಗ್ರಂಥಾಲಯಕ್ಕೆ ತಂದು ಕೇಳಿಸಿದ ವಾಟ್ಸಾಪಿನ ಧ್ವನಿ ಮಾತ್ರ.

“ಅಣ್ಣಾ, ನಮ್ ಕ್ಯಾಂಪೇನಲ್ಲಿ ಪಾರ್ಟಿ ಮುಂದಿನ ಭಾನುವಾರ ಟ್ಯಾವರ್ನ್‌ಗೆ ಬರುತ್ತೆ. ಟ್ಯಾವರ್ನ್ ಗೇಮ್ಸ್ ಒಂದ್ನಾಲ್ಕು ಬೇಕು. ನೆಟ್ಟಲ್ಲಿ ಇರೋದು ಬೇಡ, ನೀವೇ ಕಟ್ಟಿದ್ದು ಬೇಕು. ಡಂಜನ್ ಮಾಸ್ಟರ್ ನಾನೇ ಅಲ್ವಾ, ರೂಲ್ಸ್ ನಂಗೇ ಕಳ್ಸಿ. ಎದುರಾಳಿ ಡ್ರ್ಯಾಗನ್, ಪಾರ್ಟಿ ಉಳಿಯೋದೇ ಕಷ್ಟ ಐತೆ.”

“ಗೇಟಲ್ಲಿ ಹೇಳ್ದಾಗ ಗೊತ್ತಾಯ್ತು ಬಿಡಿ ಸಾ ಅಂದ್ಬಿಟ್ಟೆ” ಎಂದ ಪಾತಣ್ಣ. “ಏನಂತಲೇ ಮಾರುತಿ ಇದು?”

ನಾನು ಕನ್ನಡಕ ಒರೆಸಿಕೊಂಡೆ. ಇಂಥ ಸಂದರ್ಭದಲ್ಲಿ ಕನ್ನಡಕ ಒರೆಸದೆ ಉತ್ತರ ಹೇಳಬಾರದು. ಕ್ಯಾಂಪೇನ್ ಅಂದರೆ ಚುನಾವಣಾ ಪ್ರಚಾರ. ಪಂಚಾಯ್ತಿ ಚುನಾವಣೆ ಇವತ್ತು ನಾಳೆ ಎನ್ನುತ್ತಿರುವುದು ಊರಿಗೇ ಗೊತ್ತಿತ್ತು. ಪಾರ್ಟಿ ಅಂದರೆ ಪಾರ್ಟಿಯೇ. ಡ್ರ್ಯಾಗನ್ ಎದುರಾಳಿಯ ಚಿಹ್ನೆ. ಡಂಜನ್ ಮಾಸ್ಟರ್ ಅಂದರೆ ಪ್ರಚಾರ ಸಮಿತಿಯ ಅಧ್ಯಕ್ಷನಂಥ ಒಂದು ಹುದ್ದೆ. ಉಳಿದದ್ದು ಟ್ಯಾವರ್ನ್. ಎರಡು ಸಲ ಹಾಕಿಸಿ ಕೇಳಿದೆ.

“ಪೇಟೆ ಹುಡುಗ್ರು ಕನ್ನಡಾನೂ ಮೂಗಿನಾಗೆ ಮಾತಾಡ್ತಾರೆ ಪಾತಣ್ಣ. ಅದು ‘ತವರಿನ’. ಪಾರ್ಟಿಯೋರು ಹೆಣ್ಣುಮಕ್ಕಳ ಓಟಿಗೆ ತವರಿನ ಆಟ ಇಡಿಸ್ತಾವ್ರೆ. ಮದುವೆಯಾಗಿ ಹೋದೋರನ್ನೆಲ್ಲ ತವರಿಗೆ ಕರೆಸಿ ಆಡಿಸೋದು.”

ಪಾತಣ್ಣನ ಮುಖ ನೋಡಬೇಕಿತ್ತು. “ಎಲ್ರನ್ನೂ ಕರೆಸ್ತಾರಾ?”

“ಎಲ್ರನ್ನೂ.”

“ಮೊಳಕಾಲ್ಮೂರಿನೋರನ್ನೂ?”

“ಮೊಳಕಾಲ್ಮೂರು ಪ್ರಚಾರಕ್ಕೆ ದೂರನಾ?” ಎಂದೆ. ನನ್ನ ನಾಲಿಗೆಗೆ ಬರೆ ಹಾಕಬೇಕಿತ್ತು.

ಪಾತಣ್ಣ ಅಲ್ಲೇ ನೆಲದ ಮೇಲೆ ಕೂತ. ಅವನಾಗಿ ಕರೆದರೆ ಸೋತಂತೆ, ಪಾರ್ಟಿ ಕರೆದರೆ ಯಾರೂ ಸೋತಂತಲ್ಲ. ಹನ್ನೊಂದು ವರ್ಷದಿಂದ ಇಂಥದೊಂದು ಸಂದಿಗೆ ಕಾಯುತ್ತಿದ್ದವನಂತೆ ಗಡಗಡ ಹೇಳತೊಡಗಿದ, ನಾನು ಬರೆದುಕೊಂಡೆ. ಬುತ್ತಿಗಂಟಿನ ಆಟ: ಬಟ್ಟೆಯ ಗಂಟನ್ನು ಮೂಸಿ ಒಳಗೇನಿದೆ ಎಂದು ಹೇಳಬೇಕು. ಮುನಿಸಿನ ಆಣೆಕಲ್ಲು: ಐದು ಕಲ್ಲು ಹಿಡಿಯುವವರೆಗೆ ಮಾತಾಡಬಾರದು, ನಗಿಸಿದವನು ಗೆದ್ದ. ಹೊಸ್ತಿಲು ದಾಟುವ ಕುಂಟೆಬಿಲ್ಲೆ. ನಾಲ್ಕನೆಯದು ಚೌಕಾಬಾರ, ಹೊಸ ನಿಯಮದ್ದು. ಅದನ್ನು ಹೇಳುವಾಗ ಮಾತ್ರ ಪಾತಣ್ಣ ಬಹಳ ಹೊತ್ತು ಚಾವಣಿ ನೋಡಿದ.

“ಬರಿ. ನಿಯಮ ಒಂದು. ಓರೆ ನಿಂತ ಕವಡೆ ಅಕ್ಕನದು.”

ನನ್ನ ಪೆನ್ನು ನಿಂತುಹೋಯಿತು. ಆ ಮನುಷ್ಯನ ಬಾಯಿಂದ ಆ ಮಾತು ಬರುತ್ತದೆಂದು ಈ ಸೀಮೆಯಲ್ಲಿ ಯಾರೂ ನಂಬುವ ಹಾಗಿರಲಿಲ್ಲ.

ಚಂದ್ರಶೇಖರನಿಗೆ ಕಳಿಸಿದ ಐದೇ ನಿಮಿಷಕ್ಕೆ ಫೋನು ಬಂತು. “ಅಣ್ಣಾ, ಬೆಂಕಿ! ಓರೆ ನಿಂತ ಕವಡೆ ಅಕ್ಕನದು! ಯಾರಣ್ಣ ಆ ಅಕ್ಕ, ಟ್ಯಾವರ್ನ್ ಓನರ್ರಾ?”

“ಹೂಂ ಸಾ. ತವರಿಗೆ ಅಕ್ಕನೇ ಓನರು.”

“ಸೂಪರ್. ಆಕೆ ಕ್ಯಾರೆಕ್ಟರ್ ಹೆಂಗೆ?”

ಪಾತಣ್ಣನ ಮೀಸೆ ನೆಟ್ಟಗಾಯಿತು. “ಸಾ, ಅಕ್ಕನ ಕ್ಯಾರೆಕ್ಟರ್ ಸುದ್ದಿಗೆ ಬರಬ್ಯಾಡ್ರಿ.”

“ಇಲ್ಲಣ್ಣ, ಕ್ಯಾರೆಕ್ಟರ್ ಶೀಟ್ ಬೇಕೇ ಬೇಕು. ಅದಿಲ್ದೆ ಆಡ್ಸೋಕಾಗಲ್ಲ.”

ಸರಕಾರಿ ಕೆಲಸದ ಹಾಗೆ ಇದಕ್ಕೂ ನಡತೆ ಪ್ರಮಾಣಪತ್ರ ಬೇಕೇನೋ ಎಂದು ನಾನೇ ಸಮಾಧಾನ ಮಾಡಿದೆ. ಗ್ರಂಥಾಲಯದ ಮೊಹರು ಹಾಕಿ ಬರೆದೂ ಕೊಟ್ಟೆ: ‘ಶ್ರೀಮತಿ ತಿಪ್ಪೇರುದ್ರಮ್ಮನವರನ್ನು ನಾನು ಚಿಕ್ಕಂದಿನಿಂದ ಬಲ್ಲೆ. ಸದರಿಯವರ ನಡತೆ ಉತ್ತಮವಾಗಿರುತ್ತದೆ.’ ಚಂದ್ರಶೇಖರ್ ಅದನ್ನು ಓದಿ ಬಿದ್ದು ಬಿದ್ದು ನಕ್ಕನಂತೆ. ಈ ಸಲ ಆಟವನ್ನು ನಿಮ್ಮೂರಲ್ಲೇ ಆಡುತ್ತೇವೆ, ಪಾರ್ಟಿಯನ್ನೇ ಕರೆದುಕೊಂಡು ಬರುತ್ತೇನೆ ಎಂದ.

ಪಾರ್ಟಿ ಬರುವ ಸುದ್ದಿ ಜಂಪಣ್ಣನ ಕಿವಿಗೆ ಬಿತ್ತು. ಜಂಪಣ್ಣ ಪಂಚಾಯ್ತಿಗೆ ಎರಡು ಸಲ ನಿಂತು ಎರಡು ಸಲವೂ ಬಿದ್ದವನು. “ಯಾವ ಪಾರ್ಟಿಯಾದ್ರೂ ಆಗ್ಲಿ, ನಮ್ಮೂರಿಗೆ ಬಂದ್ಮ್ಯಾಲೆ ನನ್ನ ಪಾರ್ಟಿನೇ” ಎಂದು ಚಳ್ಳಕೆರೆಗೆ ಓಡಿ ಹತ್ತಡಿ ಫ್ಲೆಕ್ಸು ಮಾಡಿಸಿ ತಂದ. ನಡುವೆ ಕೈಮುಗಿದ ಜಂಪಣ್ಣ. ಮೇಲೆ ‘ಊರಿನ ಹೆಣ್ಣುಮಕ್ಕಳಿಗೆ ಆದರದ ಸ್ವಾಗತ’. ಕೆಳಗೆ, ‘ತವರಿನ್ ಗೇಮ್ಸ್’ ಅಂತ ಇಂಗ್ಲಿಷಿನಲ್ಲೂ ಇರಲಿ ಎಂದು ನಾನು ಹೇಳಿಕಳಿಸಿದ್ದರಿಂದ, ಅಂಗಡಿಯವನೇ ಕಾಗುಣಿತ ಹುಡುಕಿ ಹಾಕಿದ ದಪ್ಪ ಇಂಗ್ಲಿಷು. ಪಕ್ಕದಲ್ಲಿ ಅವನೇ ಹಾಕಿದ ಚಿತ್ರ: ಒಂದು ಮರದ ಪೀಪಾಯಿ, ನೊರೆಯುಕ್ಕುವ ಎರಡು ದೊಡ್ಡ ಲೋಟ.

“ಇದೇನು ಮಾರುತಿ, ನೊರೆ?” ಎಂದ ಜಂಪಣ್ಣ.

“ಹಾಲು” ಎಂದೆ. “ತವರು ಅಂದ್ಮೇಲೆ ಹಾಲು ಇರಬ್ಯಾಡ್ವಾ?”

ಹಾಲಿನ ಮಾತು ಎಲ್ಲರಿಗೂ ಸರಿ ಕಂಡಿತು. ಮನೆ ಮನೆಯಿಂದ ಹೆಣ್ಣುಮಕ್ಕಳಿಗೆ ಫೋನು ಹೋಯಿತು. ಪಾತಣ್ಣ ಮಾತ್ರ ಫೋನು ಮಾಡಲಿಲ್ಲ. ನನ್ನನ್ನೂ ಎಳೆದುಕೊಂಡು ಮೊಳಕಾಲ್ಮೂರಿಗೇ ಹೊರಟ.

ತಿಪ್ಪೇರುದ್ರಮ್ಮನ ಮನೆಯೊಳಗೆ ಮಗ್ಗದ ಸದ್ದು. ಭಾವ ಚಿತ್ತಪ್ಪ ಕೂಲಿಗೆ ರೇಷ್ಮೆ ಸೀರೆ ನೇಯುತ್ತಾನೆ, ಆಕೆ ಬಾಗಿಲ ಬೆಳಕಿನಲ್ಲಿ ರಾಟೆ ತಿರುಗಿಸುತ್ತಾ ನೂಲು ಸುತ್ತುತ್ತಾಳೆ. ನಮ್ಮನ್ನು ನೋಡಿ ಚಿತ್ತಪ್ಪ ಮಗ್ಗದ ಗುಂಡಿಯಿಂದಲೇ ಕೂಗಿದ. “ಏಮಿರಾ ಪಾತಾ, ದಾರಿ ತಪ್ಪಿತಾ?”

ಆಕೆ ತಲೆಯೆತ್ತಲಿಲ್ಲ. “ಯಾರೋ ಬಂದವ್ರೆ. ನೀರು ಕೊಡ್ರಿ” ಎಂದಳು ಗಂಡನಿಗೆ.

ಪಾತಣ್ಣ ಜೇಬಿನಿಂದ ಕಾಗದ ತೆಗೆದು ನನ್ನ ಕೈಗೆ ತುರುಕಿದ. ನಾನು ಓದಿದೆ. “ನಿಯಮ ಒಂದು. ಓರೆ ನಿಂತ ಕವಡೆ ಅಕ್ಕನದು.”

ರಾಟೆ ನಿಂತಿತು. ಹಿಂದೆಯೇ ಮಗ್ಗವೂ ನಿಂತಿತು.

“ಇನ್ನೊಂದ್ಸಲ ಓದು ಮಾರುತಿ.”

ಓದಿದೆ. ಆಕೆ ಸೆರಗಿನಲ್ಲಿ ಮುಖ ಒರೆಸಿಕೊಂಡಳು, ಬೆವರೋ ಏನೋ. “ಭಾನ್ವಾರ ಹನ್ನೆರಡು ಗಂಟೆ ಬಸ್ಸಿಗೆ ಬರ್ತೀನಿ. ಹೋಳಿಗೆ ಮಾಡು ಅಂತ ಅವ್ವಂಗೆ ಹೇಳ್ರಿ” ಎಂದಳು. ಹೇಳಿದ್ದು ನನಗೆ, ನೋಡಿದ್ದು ತಮ್ಮನನ್ನು. ಪಾತಣ್ಣ ಬಸ್ಸಿನಲ್ಲಿ ಕೊಂಡ್ಲಹಳ್ಳಿಯವರೆಗೂ ಕಿಟಕಿ ಕಡೆ ಮುಖ ಮಾಡಿಕೊಂಡು ಕೂತಿದ್ದ.

ಸುದ್ದಿ ಕೇಳಿ ಯರ್ರಮ್ಮಜ್ಜಿ ಹಿತ್ತಲಿಗೆ ಹೋಗಿ ಮೇಕೆಯ ಕಿವಿ ಹಿಡಿದಳು. “ಕೇಳಿಸ್ಕಳೇ. ನನ್ ಮಗಳು ಈ ಹೊಸ್ತಿಲು ದಾಟಿ ಒಳಗೆ ಬಂದ ಗಳಿಗೆಗೆ ನಿನ್ ಯಜಮಾನನ ಹತ್ರ ನೇರ ಮಾತಾಡ್ತೀನಿ. ಅಲ್ಲಿಗೆ ನಿನ್ ಕೆಲ್ಸ ಮುಗೀತು.” ಪಾತಣ್ಣ ಬಾಗಿಲ ಮರೆಯಲ್ಲಿ ನಿಂತು ಕೇಳಿಸಿಕೊಂಡ. ಮರುದಿನ ಮನೆಗೆ ಸುಣ್ಣ ಬಳಿದ, ಹೊಸ್ತಿಲಿಗೆ ಎರಡು ಸಲ.

ಶುಕ್ರವಾರ ಚುನಾವಣೆ ಘೋಷಣೆಯಾಗಿ ನೀತಿ ಸಂಹಿತೆ ಜಾರಿಗೆ ಬಂತು. ನಮಗೆ ಅದು ಮರೆತೇಹೋಗಿತ್ತು.

ಭಾನುವಾರ ಹನ್ನೊಂದಕ್ಕೆ ಗ್ರಂಥಾಲಯದ ಕಟ್ಟೆಯ ಸುತ್ತ ನೂರಕ್ಕೂ ಮೀರಿ ಹೆಂಗಸರು. ಬುತ್ತಿಗಂಟುಗಳು ಸಾಲಾಗಿ ಕೂತಿದ್ದವು. ಯರ್ರಮ್ಮಜ್ಜಿ ಹೋಳಿಗೆಯ ಡಬ್ಬಿ ಮಡಿಲಲ್ಲಿಟ್ಟುಕೊಂಡು ರಸ್ತೆಯನ್ನೇ ನೋಡುತ್ತಿದ್ದಳು. ಹನ್ನೊಂದೂವರೆಗೆ ಒಂದು ಕಾರು ಬಂದು ಪಾರ್ಟಿ ಇಳಿಯಿತು. ಒಬ್ಬನಿಗೆ ನೆಲ ಗುಡಿಸುವ ಕಪ್ಪು ನಿಲುವಂಗಿ, ಒಬ್ಬನಿಗೆ ಚೂಪು ಟೋಪಿ, ಒಬ್ಬನ ತಲೆಗೆ ಎರಡು ಕೊಂಬು, ಇನ್ನಿಬ್ಬರ ಕೈಯಲ್ಲಿ ಮರದ ಕತ್ತಿ. ಇವರ ಮುಂದೆ ಚಂದ್ರಶೇಖರ್, ಇಪ್ಪತ್ತು ಮುಖದ ಒಂದು ದಾಳ ಹಿಡಿದು.

ಪಾರ್ಟಿಗಳು ಏನೇನೋ ವೇಷದಲ್ಲಿ ಬರುವುದನ್ನು ನೋಡಿ ಅಭ್ಯಾಸವಿದ್ದ ಊರು ಚಪ್ಪಾಳೆ ತಟ್ಟಿತು. ಜಂಪಣ್ಣ ಕೊಂಬಿನವನಿಗೆ ಹಾರ ಹಾಕಿದ. ಚಪ್ಪಾಳೆ ನಿಲ್ಲುವ ಮೊದಲೇ ಒಂದು ಜೀಪು ಬಂದು ನಿಂತಿತು. ನೀತಿ ಸಂಹಿತೆ ನೋಡಿಕೊಳ್ಳುವ ಅಧಿಕಾರಿ, ಜೊತೆಗೊಬ್ಬ ಪೊಲೀಸಿನವನು.

“ಯಾವ ಪಾರ್ಟಿರೀ ಇದು?”

“ಡ್ರ್ಯಾಗನ್ನಿಗೆ ಎದುರಾಳಿ ಪಾರ್ಟಿ ಸಾ” ಎಂದ ಪಾತಣ್ಣ ಕೈಕಟ್ಟಿ.

“ಗ್ರಾಮ ಪಂಚಾಯ್ತಿ ಚುನಾವಣೆಯಲ್ಲಿ ಪಾರ್ಟಿ ಹೆಸರು ಎತ್ತೋ ಹಾಗೇ ಇಲ್ಲ, ಗೊತ್ತೇನ್ರೀ?” ಅಧಿಕಾರಿ ಫ್ಲೆಕ್ಸಿನ ಕಡೆ ತಿರುಗಿದರು. ಇಂಗ್ಲಿಷನ್ನು ಓದಿದರು. ಪೀಪಾಯಿ ನೋಡಿದರು, ಲೋಟ ನೋಡಿದರು. ಹೆಂಗಸರ ಸಾಲು ನೋಡಿದರು. ಮತ್ತೆ ಇಂಗ್ಲಿಷು ಓದಿದರು. “ಟ್ಯಾವರ್ನ್ ಅಂದರೆ ಏನು ಅಂತ ಗೊತ್ತಾ ನಿಮಗೆ?”

“ತವರು ಸಾ” ಎಂದೆ ನಾನು, ಊರಿನ ಪರವಾಗಿ.

ಚಂದ್ರಶೇಖರ್ ಮೆಲ್ಲಗೆ ಬಾಯಿಬಿಟ್ಟ. “ಅಲ್ಲ ಅಂಕಲ್. ಟ್ಯಾವರ್ನ್ ಅಂದ್ರೆ ಹೆಂಡದಂಗಡಿ. ಹಳೇ ಕಾಲದ್ದು. ನಾವು ಕಥೇಲಿ ಸುಮ್ನೆ...”

ಸುಮ್ಮನೆ ಎಂದದ್ದು ಯಾರಿಗೂ ಕೇಳಿಸಲಿಲ್ಲ. “ನಮ್ ತವರಿಗೆ ಹೆಂಡದಂಗಡಿ ಅಂದ್ರೇನ್ರೋ!” ಎಂದು ಮೊದಲು ಕೂಗಿದ್ದು ಯಾರೋ, ಆಮೇಲೆ ನೂರು ಬಾಯಿ. ಒಂದು ಬುತ್ತಿಗಂಟು ಚೂಪು ಟೋಪಿಯ ಮಂತ್ರವಾದಿಗೆ ಬಡಿಯಿತು. “ಹಾಲು ಅಂದ್ಯಲ್ಲೋ ಮಾರುತಿ, ಹಾಲು!” ಎಂದು ಜಂಪಣ್ಣ ತಲೆ ಚಚ್ಚಿಕೊಂಡ, ಅವನ ಕೈಮುಗಿದ ಫೋಟೋ ಪೀಪಾಯಿಯ ಪಕ್ಕದಲ್ಲಿ ನಗುತ್ತಲೇ ಇತ್ತು. ಪೊಲೀಸಿನವನು ಮರದ ಕತ್ತಿ ವಶಪಡಿಸಿಕೊಂಡ, ಇಪ್ಪತ್ತು ಮುಖದ ದಾಳವನ್ನು ತಿರುಗಿಸಿ ತಿರುಗಿಸಿ ಮುಖ ಎಣಿಸತೊಡಗಿದ. ನಾನು ಗ್ರಂಥಾಲಯದ ಕಂಬದ ಹಿಂದೆ ಸರಿದೆ.

“ಹೆಂಡದಂಗಡಿ ಆಟ ಅಂದಮೇಲೆ ಜೂಜೇ. ಈ ಕವಡೆ ಯಾರದು?” ಎಂದರು ಅಧಿಕಾರಿ.

“ನಂದು ಸಾ.”

“ಜೀಪು ಹತ್ತು.”

ಅಷ್ಟರಲ್ಲಿ ಹನ್ನೆರಡರ ಬಸ್ಸು ಬಂತು. ತಿಪ್ಪೇರುದ್ರಮ್ಮ ಇಳಿದಳು, ಹಸಿರು ಸೀರೆ, ತಲೆ ತುಂಬ ಹೂವು. ಗಲಾಟೆ ನೋಡಿದಳು, ಜೀಪಿನ ಹತ್ತಿರ ತಲೆ ತಗ್ಗಿಸಿ ನಿಂತ ತಮ್ಮನನ್ನು ನೋಡಿದಳು. ನಾನು ಕಂಬದ ಹಿಂದಿನಿಂದ ಬಂದು ಎರಡು ಮಾತಿನಲ್ಲಿ ಹೇಳಿದೆ. ಆಕೆ ನಗಲೂ ಇಲ್ಲ, ಬೈಯಲೂ ಇಲ್ಲ. ಸೀದಾ ಅಧಿಕಾರಿಯ ಮುಂದೆ ಹೋದಳು.

“ಇದು ಜೂಜಲ್ಲ ಸಾಹೇಬ್ರೆ. ಅಕ್ಕ ತಮ್ಮ ಆಡೋ ಆಟ. ಆಡಿ ತೋರಿಸ್ತೀವಿ, ನೋಡಿ ಬಿಟ್ಬಿಡ್ರಿ.”

ಅಧಿಕಾರಿ ಗಡಿಯಾರ ನೋಡಿಕೊಂಡು ಹೂಂ ಎಂದರು. ಕಟ್ಟೆಯ ಮೇಲೆ ಚೌಕಾಬಾರದ ಮನೆ ಬರೆದದ್ದಾಯಿತು. ತಿಪ್ಪೇರುದ್ರಮ್ಮ ಕಾಯಿಗಳನ್ನು ಇಡತೊಡಗಿದಳು. ಮೊದಲಿನಿಂದಲ್ಲ, ಹನ್ನೊಂದು ವರ್ಷದ ಹಿಂದೆ ಎಲ್ಲಿ ಬಿಟ್ಟು ಎದ್ದಿದ್ದಳೋ ಅಲ್ಲಿಂದ. ತಮ್ಮ ತನ್ನವನ್ನು ಇಟ್ಟ. ಒಬ್ಬರದೂ ಒಂದು ಮನೆಯೂ ಆಚೀಚೆಯಾಗಲಿಲ್ಲ. ಆಕೆಗೆ ಬೇಕಾದದ್ದು ಎಂಟು. ಗಲಾಟೆಯೆಲ್ಲ ನಿಂತು ಊರಿಗೆ ಊರೇ ಬಗ್ಗಿ ನೋಡುತ್ತಿತ್ತು. ಯರ್ರಮ್ಮಜ್ಜಿ ಹೋಳಿಗೆ ಡಬ್ಬಿ ಹಿಡಿದು ಮುಂದೆ ಬಂದು ನಿಂತಿದ್ದಳು.

ತಿಪ್ಪೇರುದ್ರಮ್ಮ ಕವಡೆ ಹಾಕಿದಳು. ಒಂದು ಬೋರಲು. ಎರಡು ಬೋರಲು. ಮೂರು ಬೋರಲು. ನಾಲ್ಕನೆಯದು ಉರುಳಿ ಉರುಳಿ ಹೋಗಿ ಅಧಿಕಾರಿಯ ಬೂಟಿಗೆ ಒರಗಿ ಓರೆಯಾಗಿ ನಿಂತಿತು.

“ಒಂದು!” ಎಂದ ಪಾತಣ್ಣ.

ಪಾತಣ್ಣ ತನ್ನ ಬಾಯಿಯನ್ನು ತಾನೇ ಎರಡೂ ಕೈಯಲ್ಲಿ ಮುಚ್ಚಿಕೊಂಡ. ಅಧಿಕಾರಿ ಬೂಟು ಅಲ್ಲಾಡಿಸದೆ, ಕಟ್ಟೆಯ ಮೇಲಿದ್ದ ನಿಯಮದ ಕಾಗದ ಬಿಚ್ಚಿ ಓದಿದರು. “ಓರೆ ನಿಂತ ಕವಡೆ ಅಕ್ಕನದು ಅಂತ ನೀವೇ ಬರೆದಿದ್ದೀರಲ್ರೀ?”

“ಎಂಟು! ಎಂಟು ಅಕ್ಕಾ! ಎಂಟೇ ಬಿದ್ದಿರೋದು!” ಎಂದು ಪಾತಣ್ಣ ಕೈ ಮುಗಿದ, ಕಾಲು ಹಿಡಿಯಲು ಬಗ್ಗಿದ.

ತಿಪ್ಪೇರುದ್ರಮ್ಮ ಎದ್ದು ಸೀರೆ ಕೊಡವಿಕೊಂಡಳು. “ಬರ್ದಿದ್ದು ಮಾರುತಿ ಕೈ ಕಣೋ ಪಾತ. ‘ಒಂದು’ ಅಂದ ಬಾಯಿ ನಿಂದು” ಎಂದಳು. ಆಕೆ ಬಂದ ಬಸ್ಸು ಚಳ್ಳಕೆರೆ ಕಡೆ ಹೋಗಿತ್ತು; ಮೊಳಕಾಲ್ಮೂರಿನ ಕಡೆಯ ಬಸ್ಸು ಆಗತಾನೇ ಬಂದು ನಿಂತಿತ್ತು. ತವರಿನ ಹೊಸ್ತಿಲು ಅಲ್ಲಿಂದ ಮೂವತ್ತು ಹೆಜ್ಜೆ, ಸುಣ್ಣ ಇನ್ನೂ ಬೆಳ್ಳಗೆ ಹೊಳೆಯುತ್ತಿತ್ತು. ಆಕೆ ಆ ಕಡೆ ನೋಡದೆ ಬಸ್ಸು ಹತ್ತಿದಳು.

ಆಗ ಯರ್ರಮ್ಮಜ್ಜಿ ಮಗನ ಮುಂದೆ ಬಂದು ನಿಂತಳು. ಹನ್ನೊಂದು ವರ್ಷದ ಮೇಲೆ ಮೊದಲ ಸಲ ಅವನ ಮುಖ ನೋಡಿಯೇ ಮಾತಾಡಿದಳು.

“ನಾನೂ ಹೊರಗಿನೋಳೇ ಕಣಲೇ. ಈ ಮನೆಗೆ ಐವತ್ತೈದು ವರ್ಷದ ಹಿಂದೆ ಹೊರಗಿಂದ ಬಂದೋಳು.” ಡಬ್ಬಿಯನ್ನು ಕಂಕುಳಲ್ಲಿ ಇರುಕಿಕೊಂಡು ಬಸ್ಸಿನ ಮೆಟ್ಟಿಲು ಹತ್ತಿದಳು. ಮಗಳು ಕೈಕೊಟ್ಟು ಎಳೆದುಕೊಂಡಳು. ಕಂಡಕ್ಟರು ಸೀಟಿ ಊದುವ ಮೊದಲು ಅಜ್ಜಿ ಕಿಟಕಿಯಿಂದ ತಲೆ ಹಾಕಿ ಎರಡನೆಯ ಮಾತು ಹೇಳಿದಳು. “ಮೇಕೆಗೆ ನೀರಿಡು.”

ಬಸ್ಸು ಹೋಯಿತು. ಅಕ್ಕನನ್ನು ತವರಿಗೆ ಕರೆಸಲು ಹೊರಟವನು ತವರನ್ನೇ ಬಸ್ಸು ಹತ್ತಿಸಿ ಕಳಿಸಿದ್ದ. ಅಧಿಕಾರಿ ಕಟ್ಟೆಯ ಮೇಲೆ ಕೂತು ವರದಿ ಬರೆದರು: ‘ಸದರಿ ಆಟವನ್ನು ಆಡಿಸಿ ನೋಡಲಾಯಿತು. ಇದರಲ್ಲಿ ಗೆಲ್ಲುವವರು ಯಾರೂ ಕಂಡುಬಂದಿರುವುದಿಲ್ಲ. ಆದುದರಿಂದ ಜೂಜೆಂದು ಹೇಳಲು ಬರುವುದಿಲ್ಲ.’ ಕವಡೆಗಳನ್ನು ಪಾತಣ್ಣನಿಗೆ ಹಿಂದಕ್ಕೆ ಕೊಟ್ಟರು, ಫ್ಲೆಕ್ಸನ್ನು ಜೀಪಿನ ಮೇಲೆ ಕಟ್ಟಿಕೊಂಡು ಹೋದರು. ಹೆಂಗಸರು ಬುತ್ತಿ ಎತ್ತಿಕೊಂಡು ಒಬ್ಬೊಬ್ಬರಾಗಿ ಚದುರಿದರು, ಹೋಗುವಾಗ ಪ್ರತಿಯೊಬ್ಬರೂ ನನ್ನ ಕಡೆ ಒಂದು ಸಲ ನೋಡಿಯೇ ಹೋದರು.

ಕಟ್ಟೆಯ ಮೇಲೆ ಪಾತಣ್ಣ ಒಬ್ಬನೇ ಉಳಿದ. ಚಂದ್ರಶೇಖರ್ ಹತ್ತಿರ ಹೋಗಿ ಕೂತ. ಕೊಂಬಿನವನು ಕೊರಳ ಹಾರ ತೆಗೆದು ಎಲ್ಲಿಡಬೇಕೆಂದು ತಿಳಿಯದೆ ಕೈಯಲ್ಲೇ ಹಿಡಿದು ನಿಂತಿದ್ದ.

“ಸಾರಿ ಅಣ್ಣ” ಎಂದ ಚಂದ್ರಶೇಖರ್.

ಪಾತಣ್ಣ ಕೈಯಲ್ಲಿನ ಕವಡೆಗಳನ್ನು ಜೇಬಿಗೆ ಹಾಕಿಕೊಂಡ. “ಸಾ, ಆ ಟ್ಯಾವರ್ನು ಅಂದ್ರಲ್ಲ, ಅದಾದ್ರೂ ಎಲ್ಲೈತೆ? ಇಲ್ಲೆಲ್ಲಾದ್ರೂ ಹತ್ರದಾಗೆ ಐತಾ?” ಎಂದು ಕೇಳಿದ. ಹುಟ್ಟಿದಾಗಿನಿಂದ ಒಂದು ತೊಟ್ಟು ಕುಡಿದವನಲ್ಲ ಅವನು.

“ಇಲ್ಲಣ್ಣ. ಅದು ಸುಮ್ನೆ ನಾವು ಅಂದ್ಕೊಂಡಿರೋದು. ನಿಜವಾಗ್ಲೂ ಇಲ್ಲ.”

“ಅದೂ ಇಲ್ಲ ಅನ್ರಿ” ಎಂದ ಪಾತಣ್ಣ, ಮೇಕೆಗೆ ನೀರಿಡಲು ಎದ್ದ.